ತವರಿನ ದಾರಿ ಮತ್ತು ಕೊಂಕಣ ರೈಲಿನ ಲೆಕ್ಕ

(ಸಂಘದ ಮಹಿಳಾ ವಿಭಾಗದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಸಲದ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ ‘ಆಧುನಿಕ ಸಾರಿಗೆಯ ಇಂಜಿನಿಯರಿಂಗ್ ಅದ್ಭುತಗಳು’. ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ನಾನು ಇಂಜಿನಿಯರ್ ಅಲ್ಲ. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ‘ಲೆಕ್ಕದ ಟೀಚರಿಗೆ ಸೇತುವೆಯ ಮಾತು ಬರುವುದಿಲ್ಲವೇ?’ ಎಂದರು. ಸರಿ, ಒಪ್ಪಿಕೊಂಡೆ.

ಅದ್ಭುತಗಳಿಗೇನೂ ಕೊರತೆ ಇಲ್ಲ. ನಮ್ಮ ಕಣ್ಣೆದುರಿಗೇ 2024ರ ಜನವರಿಯಲ್ಲಿ ಅಟಲ್ ಸೇತು ತೆರೆಯಿತು. ಸೆವ್ರಿಯಿಂದ ನ್ಹಾವಾ ಶೇವಾದ ಕಡೆಗೆ, ಸುಮಾರು 21.8 ಕಿಲೋಮೀಟರ್. ಜಮ್ಮು-ಕಾಶ್ಮೀರದಲ್ಲಿ ಚೆನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ರೈಲು ಸೇತುವೆ ಆಯಿತು. ಹಿಮಾಚಲದಲ್ಲಿ ರೋಹ್ತಾಂಗ್ ಪರ್ವತದ ಅಡಿಯಲ್ಲಿ 9 ಕಿಲೋಮೀಟರ್ ಉದ್ದದ ಸುರಂಗ ರಸ್ತೆ ಇದೆ. ಇವುಗಳ ವಿಡಿಯೋ ನಿಮ್ಮೆಲ್ಲರ ಮೊಬೈಲಿಗೂ ಬಂದಿರುತ್ತದೆ. ನನಗಿಂತ ಚೆನ್ನಾಗಿ ನಿಮ್ಮ ಮೊಮ್ಮಕ್ಕಳು ಅವುಗಳ ಬಗ್ಗೆ ಹೇಳುತ್ತಾರೆ.

ಆದ್ದರಿಂದ ಇವತ್ತು ನಾನು ಒಂದೇ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ಇಲ್ಲಿ ಕುಳಿತಿರುವ ಅರ್ಧಕ್ಕಿಂತ ಹೆಚ್ಚು ಜನ ವರ್ಷಕ್ಕೊಮ್ಮೆಯಾದರೂ ಅದರ ಮೇಲೆ ಹೋಗಿ ಬರುತ್ತೀರಿ. ಹೋಗುವಾಗ ನಿದ್ದೆ ಮಾಡುತ್ತೀರಿ, ಅಥವಾ ಬುತ್ತಿ ಬಿಚ್ಚಿ ಚಪಾತಿ ಪಲ್ಯ ತಿನ್ನುತ್ತೀರಿ. ಕೊಂಕಣ ರೈಲ್ವೆ.

ಅದು ಇಲ್ಲದ ಕಾಲವನ್ನು ಮೊದಲು ನೆನಪಿಸಿಕೊಳ್ಳೋಣ. ನಾನು ಕುಂದಾಪುರದ ಕಡೆಯವಳು. 1984ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದೆ. ಊರಿಗೆ ಹೋಗಬೇಕೆಂದರೆ ಬಸ್ಸು. ಹೆದ್ದಾರಿ ಹದಿನೇಳರಲ್ಲಿ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ. ಘಟ್ಟದ ತಿರುವುಗಳಲ್ಲಿ ವಾಂತಿ, ಮಡಿಲಲ್ಲಿ ಮಗು, ಕಾಲ ಬುಡದಲ್ಲಿ ಟ್ರಂಕು. ರೈಲಿನಲ್ಲಿ ಹೋಗುತ್ತೇನೆ ಎಂದರೆ ದಖ್ಖನ್ ದಾಟಿ, ಕೇರಳದ ಮೂಲಕ ಸುತ್ತಿ ಮಂಗಳೂರು ತಲುಪಬೇಕು. ಆ ದಾರಿ 2,041 ಕಿಲೋಮೀಟರ್, 41 ಗಂಟೆ. ನಕಾಶೆಯಲ್ಲಿ ನೋಡಿದರೆ ಮುಂಬಯಿಯೂ ಮಂಗಳೂರೂ ಒಂದೇ ಸಮುದ್ರದ ದಂಡೆಯ ಮೇಲಿವೆ. ಆದರೂ ಅಷ್ಟು ದೂರ.

1989ರ ಜುಲೈ. ಪಕ್ಕದ ಮನೆಯವರ ಫೋನಿಗೆ ಊರಿನಿಂದ ಟ್ರಂಕ್ ಕಾಲ್ ಬಂತು. ಅಪ್ಪಯ್ಯನಿಗೆ ಹುಷಾರಿಲ್ಲ, ಕೂಡಲೇ ಹೊರಡು ಎಂದರು. ಆ ಸಂಜೆಯೇ ಬಸ್ಸು ಹತ್ತಿದೆ. ರಾತ್ರಿ ಕಶೇಡಿ ಘಾಟಿಯಲ್ಲಿ ಗುಡ್ಡ ಜರಿದು, ಮರ ಬಿದ್ದು ರಸ್ತೆ ಬಂದ್. ಮುಂದೆಯೂ ಲಾರಿ, ಹಿಂದೆಯೂ ಲಾರಿ. ಏಳು ಗಂಟೆ ಅಲ್ಲೇ ಕುಳಿತಿದ್ದೆವು. ನಾನು ಮನೆ ತಲುಪುವಾಗ ಮರುದಿನ ಕತ್ತಲಾಗಿತ್ತು. ಅಂಗಳದಲ್ಲಿ ಚಪ್ಪರದ ಕೆಳಗೆ ಜನ ಸುಮ್ಮನೆ ಕುಳಿತಿದ್ದರು. ಮಧ್ಯಾಹ್ನವೇ ಎಲ್ಲ ಮುಗಿದಿತ್ತು. ಮಳೆಗಾಲ, ಎಷ್ಟು ಹೊತ್ತು ಕಾಯುತ್ತಾರೆ?

ಇದನ್ನು ಕನಿಕರಕ್ಕಾಗಿ ಹೇಳುತ್ತಿಲ್ಲ. ಇಲ್ಲಿರುವ ನನ್ನ ವಯಸ್ಸಿನವರನ್ನು ಕೇಳಿದರೆ ಇಂಥ ಹತ್ತು ಕಥೆಗಳು ಸಿಗುತ್ತವೆ. ಗಂಡಸರಿಗೆ ಮುಂಬಯಿ ಅಂದರೆ ಕೆಲಸದ ಊರು. ಕೊಟ್ಟ ಹೆಣ್ಣುಮಗಳಿಗೆ ಅದು ತವರಿನಿಂದ ಎಷ್ಟು ಗಂಟೆ ಎನ್ನುವ ಪ್ರಶ್ನೆ.

ಈಗ ರೈಲಿನ ಕಥೆಗೆ ಬರುತ್ತೇನೆ.

ಕರಾವಳಿಗೆ ರೈಲು ಬೇಕು ಎನ್ನುವುದು ಹಳೆಯ ಬೇಡಿಕೆ. ನಾಥ್ ಪೈ, ಮಧು ದಂಡವತೆಯವರಂಥ ಕೊಂಕಣದ ಸಂಸದರು ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಮುಂಬಯಿ ಕಡೆಯಿಂದ ಹಳಿ ರೋಹಾದವರೆಗೆ ಬಂದು ನಿಂತಿತ್ತು. ರೋಹಾದಿಂದ ಮಂಗಳೂರಿನವರೆಗೆ ಏನೂ ಇರಲಿಲ್ಲ. 1989ರ ಕೊನೆಗೆ ದೆಹಲಿಯಲ್ಲಿ ಹೊಸ ಸರಕಾರ ಬಂದಾಗ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾದರು, ದಂಡವತೆಯವರು ಹಣಕಾಸು ಮಂತ್ರಿಯಾದರು. ಒಬ್ಬರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದವರು, ಇನ್ನೊಬ್ಬರು ಕೊಂಕಣದ ರಾಜಾಪುರ ಕ್ಷೇತ್ರದವರು. ದಾರಿಯ ಆ ತುದಿಯವರೂ ಈ ತುದಿಯವರೂ ಒಟ್ಟಿಗೆ ಅಧಿಕಾರದಲ್ಲಿದ್ದ ಗಳಿಗೆ ಅದು. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕೇಂದ್ರದ ಪಾಲು ನೂರಕ್ಕೆ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣವನ್ನು ಸಾರ್ವಜನಿಕರಿಗೆ ಬಾಂಡ್ ಮಾರಿ ತಂದರು. ನಿಗಮದ ಮುಖ್ಯಸ್ಥರಾಗಿ ಇ. ಶ್ರೀಧರನ್ ಬಂದರು. ಮುಂದೆ ದೆಹಲಿ ಮೆಟ್ರೋ ಕಟ್ಟಿದವರು ಅವರೇ.

ಈ ದಾರಿ ಯಾಕೆ ಕಷ್ಟ? ಮನೆಯಲ್ಲಿ ಬಾಚಣಿಗೆ ಇದೆಯಲ್ಲ, ಅದನ್ನು ಮೇಜಿನ ಮೇಲೆ ಇಟ್ಟು ನೋಡಿ. ಬಾಚಣಿಗೆಯ ಬೆನ್ನು ಸಹ್ಯಾದ್ರಿ. ಹಲ್ಲುಗಳು ಘಟ್ಟದಿಂದ ಸಮುದ್ರದ ಕಡೆಗೆ ಚಾಚಿದ ಗುಡ್ಡದ ಸಾಲುಗಳು. ಹಲ್ಲುಗಳ ನಡುವಿನ ಸಂದಿಯಲ್ಲಿ ನದಿಗಳು. ಸಾವಿತ್ರಿ, ವಾಶಿಷ್ಠಿ, ಮಾಂಡೋವಿ, ಜುವಾರಿ, ಕಾಳಿ, ಅಘನಾಶಿನಿ, ಶರಾವತಿ, ಎಲ್ಲವೂ ಪಶ್ಚಿಮಕ್ಕೆ ಹರಿಯುತ್ತವೆ. ರೈಲು ಮಾತ್ರ ಉತ್ತರದಿಂದ ದಕ್ಷಿಣಕ್ಕೆ ಹೋಗಬೇಕು. ಎಂದರೆ ಪ್ರತಿಯೊಂದು ಹಲ್ಲನ್ನೂ, ಪ್ರತಿಯೊಂದು ಸಂದಿಯನ್ನೂ ಅಡ್ಡಕ್ಕೆ ದಾಟಬೇಕು. ಗುಡ್ಡ ಬಂದಲ್ಲಿ ಸುರಂಗ, ನದಿ ಬಂದಲ್ಲಿ ಸೇತುವೆ.

‘ಗುಡ್ಡ ಹತ್ತಿ ಇಳಿದರೆ ಆಗದೇ?’ ಎಂದು ನನ್ನ ಶಾಲೆಯ ಹುಡುಗಿಯೊಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಪುಣೆಗೆ ಹೋಗುವಾಗ ಭೋರ್ ಘಾಟಿಯಲ್ಲಿ ರೈಲು 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಏರುತ್ತದೆ. ಅದಕ್ಕೇ ಹಿಂದಿನಿಂದ ಇನ್ನೊಂದು ಎಂಜಿನ್ ನೂಕಬೇಕು. ಕೊಂಕಣ ರೈಲ್ವೆಯನ್ನು ವೇಗದ ಗಾಡಿಗಳಿಗಾಗಿ ಯೋಚಿಸಿ ಮಾಡಿದರು. ಇಲ್ಲಿ 150 ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಏರು ಕೂಡದು, ತಿರುವುಗಳೂ ದೊಡ್ಡದಾಗಿ, ನಿಧಾನವಾಗಿ ತಿರುಗಬೇಕು ಎಂದು ಮೊದಲೇ ನಿಶ್ಚಯಿಸಿಕೊಂಡರು. ಈ ಒಂದು ನಿಯಮ ಇಟ್ಟುಕೊಂಡ ಮೇಲೆ ಗುಡ್ಡ ಹತ್ತುವಂತಿಲ್ಲ, ಸುತ್ತಿ ಹೋಗುವಂತಿಲ್ಲ. ಕೊರೆಯಲೇಬೇಕು.

ಹಾಗಾಗಿ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರಿನಲ್ಲಿ 91 ಸುರಂಗಗಳಾದವು. ಅವುಗಳ ಒಟ್ಟು ಉದ್ದ 84 ಕಿಲೋಮೀಟರ್. ಎಂದರೆ ನೀವು ಒಂಬತ್ತು ಕಿಲೋಮೀಟರ್ ಹೋದರೆ ಒಂದು ಕಿಲೋಮೀಟರ್ ಗುಡ್ಡದ ಹೊಟ್ಟೆಯೊಳಗೆ. ಸೇತುವೆಗಳು ಚಿಕ್ಕವು ದೊಡ್ಡವು ಸೇರಿ ಸುಮಾರು ಎರಡು ಸಾವಿರ. ಸರಾಸರಿ ತೆಗೆದರೆ ನಾನೂರು ಮೀಟರಿನೊಳಗೆ ಒಂದು. ಅತಿ ಉದ್ದದ ಸೇತುವೆ ನಮ್ಮ ಹೊನ್ನಾವರದ ಶರಾವತಿಯ ಮೇಲಿನದು, ಎರಡು ಕಿಲೋಮೀಟರಿಗೂ ಹೆಚ್ಚು. ಅತಿ ಉದ್ದದ ಸುರಂಗ ರತ್ನಾಗಿರಿಯ ಹತ್ತಿರದ ಕರಬುಡೆ, ಆರೂವರೆ ಕಿಲೋಮೀಟರ್.

ರತ್ನಾಗಿರಿ ದಾಟಿದ ಕೂಡಲೇ ಪಾನವಲ್ ನದಿಯ ಕಣಿವೆ ಬರುತ್ತದೆ. ಅಲ್ಲಿಯ ಸೇತುವೆಯ ಎತ್ತರ 64 ಮೀಟರ್. ಇಪ್ಪತ್ತು ಮಹಡಿಯ ಕಟ್ಟಡ ಎಂದುಕೊಳ್ಳಿ. ಅಷ್ಟು ಆಳದ ಕಣಿವೆಯಲ್ಲಿ ಕೆಳಗಿನಿಂದ ಆಧಾರ ಕೊಟ್ಟು ಮೇಲೆ ಕಾಂಕ್ರೀಟ್ ಸುರಿಯುವುದು ಹೇಗೆ? ಅವರು ಹಾಗೆ ಮಾಡಲಿಲ್ಲ. ಚಕ್ಕುಲಿ ಒತ್ತುವುದು ನಿಮಗೆ ಗೊತ್ತು. ಒರಳಿನಲ್ಲಿ ಹಿಟ್ಟು ಹಾಕಿ ಹಿಂದಿನಿಂದ ಒತ್ತಿದರೆ ಮುಂದೆ ಎಳೆ ಬರುತ್ತದೆ. ಅದೇ ರೀತಿ, ಕಣಿವೆಯ ಒಂದು ದಂಡೆಯಲ್ಲಿ ಕುಳಿತು ಸೇತುವೆಯ ಮೈಯನ್ನು ತುಂಡು ತುಂಡಾಗಿ ಎರಕ ಹೊಯ್ದರು. ಒಂದು ತುಂಡು ಗಟ್ಟಿಯಾದ ಮೇಲೆ ಜ್ಯಾಕ್ ಹಾಕಿ ಅದನ್ನು ಮುಂದಕ್ಕೆ ನೂಕುವುದು, ಅದರ ಹಿಂದೆ ಮುಂದಿನ ತುಂಡನ್ನು ಹೊಯ್ಯುವುದು, ಎರಡನ್ನೂ ಸೇರಿಸಿ ಮತ್ತೆ ನೂಕುವುದು. ಹೀಗೆ 424 ಮೀಟರ್ ಉದ್ದದ ಸೇತುವೆ ಇಂಚಿಂಚಾಗಿ ಕಂಬದಿಂದ ಕಂಬಕ್ಕೆ ಜಾರುತ್ತಾ ಆಚೆ ದಂಡೆಗೆ ಹೋಯಿತು. ಭಾರತದ ರೈಲ್ವೆಯಲ್ಲಿ ಈ ವಿಧಾನ ಅದೇ ಮೊದಲು.

ಗಟ್ಟಿ ಬಂಡೆಯಲ್ಲಿ ಸುರಂಗ ಕೊರೆಯಲು ಸ್ವೀಡನ್ನಿನಿಂದ ಯಂತ್ರಗಳನ್ನು ತರಿಸಿದರು. ಬಂಡೆ ಗಟ್ಟಿಯಾದಷ್ಟೂ ಕೆಲಸ ಸುಲಭ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಬಂಡೆ ತನ್ನ ಭಾರವನ್ನು ತಾನೇ ಹೊರುತ್ತದೆ. ಕಷ್ಟ ಇದ್ದದ್ದು ಮೆದು ಮಣ್ಣಿನ ಒಂಬತ್ತು ಸುರಂಗಗಳಲ್ಲಿ. ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲು, ಅದರ ಅಡಿಯಲ್ಲಿ ಶೇಡಿಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಜಾರುತ್ತದೆ. ಉದ್ದಿನ ಹಿಟ್ಟು ಗಟ್ಟಿಯಾಗಿದ್ದರೆ ಬೆರಳಲ್ಲಿ ತೂತು ಮಾಡಿ ವಡೆ ಹಾಕಬಹುದು. ಹಿಟ್ಟು ನೀರಾಗಿದ್ದರೆ ಬೆರಳು ತೆಗೆದ ಕೂಡಲೇ ತೂತು ಮುಚ್ಚಿಹೋಗುತ್ತದೆ. ಗೋವಾದ ಪೆಡ್ನೆ ಸುರಂಗ ಅಂಥದ್ದು. ಉದ್ದ ಒಂದೂವರೆ ಕಿಲೋಮೀಟರ್ ಮಾತ್ರ, ಕರಬುಡೆಯ ಕಾಲು ಭಾಗ. ಆದರೆ ಕೊನೆಗೆ ಮುಗಿದದ್ದು ಅದೇ. ಅಲ್ಲಿ ಯಂತ್ರ ನಡೆಯುವುದಿಲ್ಲ. ಕೈಯಲ್ಲಿ ಸ್ವಲ್ಪ ಅಗೆಯುವುದು, ಕಬ್ಬಿಣದ ಕಮಾನು ನಿಲ್ಲಿಸುವುದು, ಮತ್ತೆ ಸ್ವಲ್ಪ ಅಗೆಯುವುದು. ಅಷ್ಟರಲ್ಲಿ ಮೇಲಿನಿಂದ ಕೆಸರು ಇಳಿದು ಎಲ್ಲ ತುಂಬಿಬಿಡುವುದು. ಈ ಮೆದು ಮಣ್ಣಿನ ಸುರಂಗಗಳಲ್ಲೇ ಹತ್ತೊಂಬತ್ತು ಜನ ಸತ್ತರು. ಇಡೀ ದಾರಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ.

1992ರ ಬೇಸಿಗೆ ರಜೆಗೆ ಊರಿಗೆ ಹೋದಾಗ ನಮ್ಮ ಕಡೆ ಕೆಲಸ ನಡೆಯುತ್ತಿತ್ತು. ದೊಡ್ಡಮ್ಮನ ಬೈಲುಗದ್ದೆಯ ನಡುವೆ ಆಳೆತ್ತರದ ಮಣ್ಣಿನ ದಿಬ್ಬ ಬಂದಿತ್ತು. ಈ ದಾರಿಗಾಗಿ ಮೂರು ರಾಜ್ಯಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಜಾಗ ಬಿಟ್ಟುಕೊಟ್ಟರು. ಅದರಲ್ಲಿ ದೊಡ್ಡಮ್ಮನೂ ಒಬ್ಬರು. ನಾನು ‘ಬೇಜಾರಾಯಿತೇ ದೊಡ್ಡಮ್ಮ?’ ಎಂದು ಕೇಳಿದೆ. ‘ಗದ್ದೆ ಹೋಯ್ತ್ ಅಂದ್ಹೇಳಿ ಬೇಜಾರ್ ಇತ್ತ್. ಆರೆ ಹೆಣ್ಮಕ್ಳಿಗ್ ಊರಿಗ್ ಬಪ್ಪುಕೆ ದಾರಿ ಆಯ್ತಲ್ದಾ’ ಎಂದರು. ಅವರ ಇಬ್ಬರು ಮಗಳಂದಿರೂ ಮುಂಬಯಿಯಲ್ಲೇ ಇದ್ದರು.

ದಿಬ್ಬದ ಮೇಲೆ ಹೆಂಗಸರು ಬುಟ್ಟಿಯಲ್ಲಿ ಜಲ್ಲಿ ಹೊರುತ್ತಿದ್ದರು. ಒಬ್ಬಾಕೆ ನೀರು ಕೇಳಲು ಅಂಗಳಕ್ಕೆ ಬಂದಳು. ಯಾವ ಊರು ಎಂದೆ. ಬಾಗಲಕೋಟೆ ಕಡೆ ಎಂದಳು. ಮಗುವನ್ನು ಮರದ ಕೆಳಗೆ ಜೋಳಿಗೆಯಲ್ಲಿ ಮಲಗಿಸಿದ್ದಳು. ‘ರೈಲು ಆದ ಮೇಲೆ ನೀವೂ ಒಮ್ಮೆ ಹತ್ತಿ’ ಎಂದು ನಾನು ದೊಡ್ಡ ಮನಸ್ಸಿನವಳ ಹಾಗೆ ಹೇಳಿದೆ. ‘ನಮ್ಮೂರಿಗೆ ಈ ಗಾಡಿ ಹೋಗೂದಿಲ್ರಿ ಅಕ್ಕಾರ’ ಎಂದು ನಕ್ಕು, ತಂಬಿಗೆ ಕೊಟ್ಟು ಹೋದಳು. ಆ ಮಾತು ನನಗೆ ಈಗಲೂ ಮರೆತಿಲ್ಲ.

ಕೆಲಸ ಬೇಗ ಮುಗಿಯಲು ಇಡೀ ದಾರಿಯನ್ನು ಏಳು ವಿಭಾಗ ಮಾಡಿ, ಎಲ್ಲ ಕಡೆ ಒಟ್ಟಿಗೆ ಕೆಲಸ ಹಿಡಿದಿದ್ದರು. ನಮ್ಮ ಕಡೆ ಕಾರವಾರ ಒಂದು, ಉಡುಪಿ ಒಂದು. 1993ರ ಮಾರ್ಚ್‌ನಲ್ಲೇ ಮಂಗಳೂರಿನಿಂದ ಉಡುಪಿಗೆ ಮೊದಲ ಗಾಡಿ ಓಡಿತು. ಗೋವಾದಲ್ಲಿ ಮಾತ್ರ ವಿರೋಧ ಬಂತು. ಅಲ್ಲಿಯ ಖಜಾನ್ ಗದ್ದೆಗಳು, ಹಳೆ ಗೋವಾದ ಇಗರ್ಜಿಗಳು ಹಾಳಾಗುತ್ತವೆ ಎಂದು ಜನ ಬೀದಿಗಿಳಿದರು. ನಮ್ಮ ಕುಮಟಾ ಕಡೆ ಗಜನಿ ಎನ್ನುತ್ತೇವಲ್ಲ, ಉಪ್ಪುನೀರಿನ ಬದಿಯ ಗದ್ದೆ, ಅಂಥವು. ಅವರ ಆತಂಕ ಸುಳ್ಳೆಂದು ನಾನು ಹೇಳಲಾರೆ. ಕೆಲಸ ನಿಂತು, ವಿಚಾರಣೆ ನಡೆದು, ಕೊನೆಗೆ ದಾರಿ ಅಲ್ಲೇ ಹೋಯಿತು. 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನವರೆಗೆ ಪೂರ್ತಿ ದಾರಿ ತೆರೆಯಿತು. ರೈಲಿನಲ್ಲಿ ಮುಂಬಯಿ ಮಂಗಳೂರು 914 ಕಿಲೋಮೀಟರ್ ಆಯಿತು. 2,041ರಿಂದ 914 ಕಳೆಯಿರಿ. 1,127 ಕಿಲೋಮೀಟರ್ ಉಳಿಯಿತು. 41 ಗಂಟೆಯ ಪ್ರಯಾಣ 15 ಗಂಟೆಯದಾಯಿತು.

ಇಲ್ಲಿಗೆ ಕಥೆ ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ನಾನೂ ಎಷ್ಟೋ ವರ್ಷ ಇಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಸೇತುವೆ ಕಟ್ಟಿದರು, ಸುರಂಗ ಕೊರೆದರು, ನಾವು ಟಿಕೆಟ್ ತೆಗೆದು ಕುಳಿತೆವು.

2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ರಜಾಕಾಲದ ವಿಶೇಷ ಗಾಡಿ, ವೈಭವವಾಡಿಯ ಬಳಿ ಹಳಿಯ ಮೇಲೆ ಕುಸಿದಿದ್ದ ಮಣ್ಣು ಕಲ್ಲಿಗೆ ಬಡಿದು ಹಳಿ ತಪ್ಪಿತು. ಐವತ್ತಕ್ಕೂ ಹೆಚ್ಚು ಜನ ಹೋದರು. ಮಕ್ಕಳ ಶಾಲೆ ಶುರುವಾಗುತ್ತದೆ ಎಂದು ರಜೆ ಮುಗಿಸಿ ಹಿಂದಿರುಗುವ ಕಾಲ ಅದು. ಮರು ವರ್ಷ ಜೂನ್ 16ರಂದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿಯ ಬಳಿ ಹಳಿಗೆ ಬಿದ್ದಿದ್ದ ಬಂಡೆಗಳಿಗೆ ತಾಗಿ ಸೇತುವೆಯಿಂದ ಕೆಳಗೆ ಬಿತ್ತು. ಮತ್ಸ್ಯಗಂಧ ಎಂದರೆ ನಮ್ಮ ಗಾಡಿ. ಆ ದಿನ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಟಿವಿ ಆರಿಸಲೇ ಇಲ್ಲ. ಪ್ರತಿಯೊಬ್ಬರೂ ಯಾರಿಗೋ ಫೋನ್ ಮಾಡುತ್ತಿದ್ದರು.

ಎರಡು ಕಡೆಯೂ ಸೇತುವೆ ಮುರಿಯಲಿಲ್ಲ, ಸುರಂಗ ಕುಸಿಯಲಿಲ್ಲ. ದಾರಿಗಾಗಿ ಗುಡ್ಡ ಕಡಿದ ಜಾಗದಲ್ಲಿ ಮಳೆಗೆ ಕಲ್ಲು ಮಣ್ಣು ಜಾರಿತು. ಸಾವಿರಾರು ವರ್ಷ ಒಂದು ಇಳಿಜಾರಿನಲ್ಲಿ ನಿಂತಿದ್ದ ಗುಡ್ಡವನ್ನು ನಾವು ನೆಟ್ಟಗೆ ಕಡಿದೆವು. ಅದು ಮತ್ತೆ ತನ್ನ ಹಳೆಯ ಇಳಿಜಾರಿಗೆ ಹೋಗಲು ನೋಡುತ್ತದೆ. ಪ್ರತಿ ಮಳೆಗಾಲವೂ ಒಂದೊಂದು ಪ್ರಯತ್ನ ಮಾಡುತ್ತದೆ.

ಆ ಅಪಘಾತಗಳ ನಂತರ ನಡೆದ ಕೆಲಸ ಫೋಟೋ ತೆಗೆಯುವಂಥದ್ದಲ್ಲ. ಕಡಿದ ಗುಡ್ಡಗಳನ್ನು ಮತ್ತಷ್ಟು ಕಡಿದು ಇಳಿಜಾರು ಮಾಡಿದರು. ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದರು. ಸಡಿಲ ಕಲ್ಲುಗಳನ್ನು ಕಬ್ಬಿಣದ ಸರಳುಗಳಿಂದ ಬಿಗಿದರು, ಕಾಂಕ್ರೀಟ್ ಮೆತ್ತಿದರು. ಮಣ್ಣು ಹಿಡಿಯಲು ಲಾವಂಚ ನೆಟ್ಟರು. ಹೌದು, ನಾವು ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಅದೇ ಲಾವಂಚ. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹೊಲಿದ ಹಾಗೆ ಹಿಡಿಯುತ್ತದೆ. ಕಾಳಿ, ಸಾವಿತ್ರಿ, ವಾಶಿಷ್ಠಿಯ ಸೇತುವೆಗಳಲ್ಲಿ ನೀರು ಅಪಾಯದ ಮಟ್ಟಕ್ಕೆ ಬಂದರೆ ತಿಳಿಸುವ ಉಪಕರಣ ಇಟ್ಟರು. ಈ ಕಾಳಿ ಮಹಾರಾಷ್ಟ್ರದ್ದು, ನಮ್ಮ ಕಾರವಾರದ್ದಲ್ಲ. ಪಾನವಲ್, ಮಾಂಡೋವಿ, ಜುವಾರಿ, ಶರಾವತಿ ಸೇತುವೆಗಳಲ್ಲಿ ಗಾಳಿಯ ವೇಗ ಅಳೆಯುವ ಯಂತ್ರಗಳಿವೆ. ಗಾಳಿ ಜೋರಾದರೆ ಗಾಡಿಯನ್ನು ಸೇತುವೆಗೆ ಬಿಡುವುದಿಲ್ಲ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಬಂತು. ಜೋರು ಮಳೆಯಲ್ಲಿ ದಾರಿ ಕಾಣದಿದ್ದರೆ ಚಾಲಕರು ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕು. ಇದೆಲ್ಲದರ ಜೊತೆಗೆ ನೂರಾರು ಗಸ್ತುಗಾರರು ಮಳೆಗಾಲವಿಡೀ ಹಳಿಯ ಮೇಲೆ ನಡೆಯುತ್ತಾರೆ.

ಆ ಗಸ್ತುಗಾರರಲ್ಲಿ ಒಬ್ಬರನ್ನು ನಾನು ನೋಡಿದ್ದೇನೆ. 2009ರ ಜುಲೈ. ಅಪ್ಪಯ್ಯ ಹೋಗಿ ಸರಿಯಾಗಿ ಇಪ್ಪತ್ತು ವರ್ಷ. ಈ ಸಲ ಅಮ್ಮನ ಸರದಿ. ತಮ್ಮ ಬೆಳಿಗ್ಗೆ ಫೋನ್ ಮಾಡಿದ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದೆ. ರತ್ನಾಗಿರಿ ದಾಟಿದ ಮೇಲೆ ಮಳೆ ಬಿರುಸಾಯಿತು. ಗಾಡಿ ಆಮೆಯ ಹಾಗೆ ಹೋಗತೊಡಗಿತು. ನನಗೆ ಕಶೇಡಿ ಘಾಟಿಯ ಆ ರಾತ್ರಿ ನೆನಪಾಗಿ ಕೈಕಾಲು ತಣ್ಣಗಾಯಿತು. ‘ಯಾಕೆ ಇಷ್ಟು ನಿಧಾನ, ಇವರಿಗೆ ಬೇರೆಯವರ ಕಷ್ಟ ಏನು ಗೊತ್ತು’ ಎಂದು ಎದುರಿನ ಸೀಟಿನವರ ಹತ್ತಿರ ಜೋರಾಗಿಯೇ ಹೇಳಿದೆ.

ಆಗ ಕಿಟಕಿಯ ಹೊರಗೆ ಒಂದು ಬೆಳಕು ಕಂಡಿತು. ಗುಡ್ಡ ಕಡಿದ ಇಕ್ಕಟ್ಟಿನ ಜಾಗ. ಹಳಿಯ ಪಕ್ಕದ ಚರಂಡಿಯ ಆಚೆ ಗೋಡೆಗೆ ಬೆನ್ನು ಕೊಟ್ಟು ಒಬ್ಬ ಮನುಷ್ಯ ನಿಂತಿದ್ದ. ಪ್ಲಾಸ್ಟಿಕ್ ಕೊಪ್ಪೆಯಂಥ ಮಳೆಯಂಗಿ, ಹೆಗಲಲ್ಲಿ ಚೀಲ, ಕೈಯಲ್ಲಿ ಹಸಿರು ದೀಪ. ಅದನ್ನು ಗಾಡಿಯ ಕಡೆಗೆ ಹಿಡಿದಿದ್ದ. ಮೊಣಕಾಲಿನವರೆಗೆ ನೀರು ಹರಿಯುತ್ತಿತ್ತು. ಗಾಡಿ ನಿಧಾನವಾಗಿದ್ದರಿಂದಲೇ ಅವನ ಮುಖ ಕಂಡಿತು. ಇಪ್ಪತ್ತೈದರ ಹುಡುಗ ಇರಬೇಕು. ಎದುರು ಸೀಟಿನ ಹಿರಿಯರು ರೈಲ್ವೆಯಿಂದ ನಿವೃತ್ತರಾದವರು. ಅವರು ಹೇಳಿದರು, ‘ಅಮ್ಮಾ, ಅವನು ಈ ತುಂಡು ದಾರಿಯನ್ನು ನಡೆದು ನೋಡಿ ಸರಿ ಇದೆ ಎಂದು ದೀಪ ತೋರಿಸಿದ್ದಾನೆ. ಕಲ್ಲು ಬಿದ್ದಿದ್ದರೆ ಆ ಚೀಲದಲ್ಲಿ ಡಿಟೊನೇಟರ್ ಇರುತ್ತದೆ, ಪಟಾಕಿಯ ಹಾಗೆ. ಓಡಿಹೋಗಿ ಹಳಿಯ ಮೇಲೆ ಇಡುತ್ತಾನೆ. ಚಕ್ರ ಅದರ ಮೇಲೆ ಹೋದಾಗ ಸಿಡಿಯುತ್ತದೆ, ಚಾಲಕ ನಿಲ್ಲಿಸುತ್ತಾನೆ.’

ನಾನು ಮಾತಾಡಲಿಲ್ಲ. ಅವನಿಗೂ ಒಬ್ಬ ತಾಯಿ ಇರುತ್ತಾಳೆ, ಮಳೆ ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತಿರುತ್ತಾಳೆ ಎಂದು ಹೊಳೆದಾಗ ಸ್ವಲ್ಪ ಹೊತ್ತಿನ ಹಿಂದೆ ಆಡಿದ ಮಾತಿಗೆ ನಾಚಿಕೆಯಾಯಿತು. ರಾತ್ರಿಯಿಡೀ ಕಿಟಕಿಯ ಬಳಿಯೇ ಕುಳಿತಿದ್ದೆ. ಶರಾವತಿಯ ಮೇಲೆ ಹೋಗುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ಚಕ್ರದ ಸದ್ದು ಬದಲಾದದ್ದರಿಂದ ಸೇತುವೆ ಎಂದು ಗೊತ್ತಾಯಿತು. ಬೆಳಿಗ್ಗೆ ಕುಂದಾಪುರದಲ್ಲಿ ಇಳಿದೆ. ಅಮ್ಮನಿಗೆ ಎಚ್ಚರವಿತ್ತು. ‘ಇಷ್ಟ್ ಬೇಗ ಹ್ಯಾಂಗ್ ಬಂದ್ಯೆ ಹೆಣೆ?’ ಎಂದು ಕೇಳಿದರು. ಒಂಬತ್ತು ದಿನ ಅವರ ಹತ್ತಿರ ಇದ್ದೆ. ಗಂಜಿ ಕುಡಿಸಿದೆ, ತಲೆ ಬಾಚಿದೆ, ಹಳೆಯ ಮಾತು ಆಡಿದೆವು. ಹತ್ತನೆಯ ದಿನ ಹೋದರು.

ಲೆಕ್ಕದ ಟೀಚರ್ ಆಗಿ ಹೇಳುತ್ತೇನೆ. 41ರಿಂದ 15 ಕಳೆದರೆ 26 ಗಂಟೆ. ಪುಸ್ತಕದಲ್ಲಿ ಅದು ಉಳಿತಾಯ. ಆದರೆ ಆ 26 ಗಂಟೆಯ ಬೆಲೆಯನ್ನು ಯಾರೋ ಕೊಟ್ಟಿದ್ದಾರೆ, ಈಗಲೂ ಕೊಡುತ್ತಿದ್ದಾರೆ. ಪೆಡ್ನೆಯ ಕೆಸರಿನಲ್ಲಿ ಸತ್ತವರು, ಬೈಲುಗದ್ದೆ ಬಿಟ್ಟುಕೊಟ್ಟ ದೊಡ್ಡಮ್ಮ, ತನ್ನೂರಿಗೆ ಹೋಗದ ರೈಲಿಗೆ ಜಲ್ಲಿ ಹೊತ್ತ ಬಾಗಲಕೋಟೆಯ ಹೆಂಗಸು, ಗುಡ್ಡದ ಕಡಿತದಲ್ಲಿ ದೀಪ ಹಿಡಿದು ನಿಂತ ಹುಡುಗ. ವಿಡಿಯೋಗಳಲ್ಲಿ ಎತ್ತರ, ಉದ್ದ, ಕೋಟಿ ರೂಪಾಯಿಗಳ ಲೆಕ್ಕ ಇರುತ್ತದೆ. ಈ ಲೆಕ್ಕ ಇರುವುದಿಲ್ಲ.

ಈ ಕೆಲಸ ಮುಗಿದೂ ಇಲ್ಲ. ಪೆಡ್ನೆ ಸುರಂಗದ ಮಾತು ಹೇಳಿದೆನಲ್ಲ, 2020ರ ಆಗಸ್ಟ್‌ನಲ್ಲಿ ಮಳೆಗೆ ಅದರ ಒಳಗೋಡೆಯ ಒಂದು ಭಾಗ ಕುಸಿದು ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಬೇಕಾಯಿತು. 2024ರ ಜುಲೈಯಲ್ಲಿ ಮತ್ತೆ ಅಲ್ಲೇ ಒಳಗೆ ನೀರು ನುಗ್ಗಿ ಗಾಡಿಗಳು ನಿಂತವು. ದಾರಿ ಹೆಚ್ಚಿನ ಕಡೆ ಈಗಲೂ ಒಂದೇ ಹಳಿಯದು. 2022ರಲ್ಲಿ ಪೂರ್ತಿ ವಿದ್ಯುತ್ ಎಂಜಿನ್ನಿನ ದಾರಿಯಾಯಿತು. ಗಾಡಿಗಳು ಹೆಚ್ಚುತ್ತಿವೆ, ಗುಡ್ಡಗಳು ಹಳೆಯವೇ. ಮನೆ ಕಟ್ಟಿಸಿದ ಮೇಲೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸದಿದ್ದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಕಟ್ಟಿದವನಿಗೆ ಹೆಸರು ಬರುತ್ತದೆ, ಹಂಚು ಸರಿ ಮಾಡುವವನನ್ನು ಯಾರೂ ಕೇಳುವುದಿಲ್ಲ. ಈ ಸಂಗತಿ ಹೆಂಗಸರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಮನೆಯನ್ನು ದಿನಾ ನಡೆಸುವವರು ನಾವೇ ತಾನೇ.

ಅದಕ್ಕೇ ನನ್ನದು ಎರಡು ಸಣ್ಣ ವಿನಂತಿ. ಒಂದು, ಮಳೆಗಾಲದ ವೇಳಾಪಟ್ಟಿ ಬಂದಾಗ ಎರಡು ಗಂಟೆ ತಡ ಎಂದು ಗೊಣಗುವ ಮುಂಚೆ ಆ ಎರಡು ಗಂಟೆ ಯಾಕೆ ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿ. ಕಿಟಕಿಯಿಂದ ದೀಪದ ಮನುಷ್ಯ ಕಂಡರೆ ಕೈ ಬೀಸಲು ಕಲಿಸಿ.

ಎರಡನೆಯದು ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಯವರಿಗೆ. ಈ ದಾರಿ ಕಟ್ಟುವಾಗ ಸತ್ತವರ ನೆನಪಿಗೆ ರತ್ನಾಗಿರಿ ನಿಲ್ದಾಣದ ಬಳಿ ಒಂದು ಸ್ಮಾರಕವಿದೆ, ಶ್ರಮಶಕ್ತಿ ಸ್ಮಾರಕ. ನಾವು ಇಷ್ಟು ವರ್ಷ ಅದರ ಪಕ್ಕದಿಂದಲೇ ಹಾದು ಹೋಗಿದ್ದೇವೆ. ಪ್ರತಿ ವರ್ಷ ನಮ್ಮ ವಿಭಾಗದವರು ಒಂದು ಪ್ರವಾಸ ಮಾಡುತ್ತೇವಲ್ಲ, ಈ ವರ್ಷ ರತ್ನಾಗಿರಿಗೆ ಹೋಗೋಣ. ಮಾವಿನ ಹಣ್ಣು, ಸಮುದ್ರ, ದೇವಸ್ಥಾನ ಎಲ್ಲವೂ ಆಗಲಿ. ಅದಕ್ಕೆ ಮುಂಚೆ ನಿಲ್ದಾಣದಲ್ಲಿ ಇಳಿದ ಕೂಡಲೇ ಒಂದು ಹಿಡಿ ಹೂವು ಅಲ್ಲಿ ಇಟ್ಟು ಮುಂದೆ ಹೋಗೋಣ. ಹೂವು ನಾನು ತರುತ್ತೇನೆ. ಡೊಂಬಿವಲಿಯ ಮನೆಯ ಬಾಲ್ಕನಿಯಲ್ಲಿ ಊರಿನಿಂದ ತಂದು ನೆಟ್ಟ ಅಬ್ಬಲಿಗೆ ಇದೆ, ಈಗ ಚೆನ್ನಾಗಿ ಬಿಡುತ್ತಿದೆ.